ಅಂಗಳಕ್ಕೆ ಬಂದ ಮಳೆ: ಕಾಸರಗೋಡಿನ ಒಂದು ಅಡಿಕೆ ಮನೆಯ ಪ್ರಕರಣ ಅಧ್ಯಯನ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಮನೆ ಮೇಲೆ, ತೋಟ ಕೆಳಗೆ. ಮಧ್ಯದಲ್ಲಿ ಅಂಗಳ, ಇಲ್ಲಿನ ಮಾತಿನಲ್ಲಿ ಜಾಲು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆದರೂ ಮಾರ್ಚ್ ಕಳೆಯುವ ಹೊತ್ತಿಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಒಣಗಿ ಕೂತಿರುತ್ತದೆ. ಮಳೆ ಕಡಿಮೆಯಾದದ್ದಕ್ಕಿಂತ ಅದು ಬರುವ ಹೊತ್ತು ತಪ್ಪಿದ್ದು ಇಲ್ಲಿನ ಅಡಿಕೆ ಮನೆಗಳನ್ನು ಹೆಚ್ಚು ಕಾಡುತ್ತಿದೆ. ಹಾಗೆ ಹೊತ್ತು ತಪ್ಪಿದಾಗ ಮನೆಯೊಳಗೆ ಯಾರ ಕೆಲಸ ಎಷ್ಟು ಹೆಚ್ಚಾಗುತ್ತದೆ, ಯಾರ ದುಡ್ಡು ಹೋಗುತ್ತದೆ, ಯಾರ ಮಾತಿನಂತೆ ಪರಿಹಾರ ನಡೆಯುತ್ತದೆ ಎಂಬುದನ್ನು ಒಂದು ಮನೆಯ ಮಟ್ಟದಲ್ಲಿ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಇಲ್ಲಿ ತೆಗೆದುಕೊಂಡ ಮನೆ ಯಾರೊಬ್ಬರದ್ದೂ ಅಲ್ಲ. ಈ ಭಾಗದ ಸಣ್ಣ ಹಿಡುವಳಿಯ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಮಾಡಿನ ಕೆಳಗೆ ತಂದಿದ್ದೇವೆ. ಲೆಕ್ಕಗಳನ್ನು ಕೃಷಿಯ ಶಿಫಾರಸು ಪ್ರಮಾಣಗಳಿಂದ ಮತ್ತು ಸಾಮಾನ್ಯ ಅಂದಾಜಿನಿಂದ ಹಾಕಿದ್ದೇವೆ. ಓದುವವರು ತಮ್ಮ ಮನೆಯ ಸಂಖ್ಯೆಗಳನ್ನು ಇಟ್ಟು ಮತ್ತೆ ಲೆಕ್ಕ ಹಾಕಿಕೊಳ್ಳಬಹುದು.

ಮನೆಯಲ್ಲಿ ನಾಲ್ಕು ಜನ: ಯಜಮಾನ, ಅವರ ಹೆಂಡತಿ, ಆಕೆಯ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರ ಬರುತ್ತಾನೆ. ಜಾಗ 150 ಸೆಂಟ್ಸ್, ಅಂದರೆ ಒಂದೂವರೆ ಎಕರೆ, ಎಲ್ಲವೂ ಯಜಮಾನರ ಹೆಸರಿನಲ್ಲಿ. ಸುಮಾರು 800 ಅಡಿಕೆ ಮರ, ಕೆಲವಕ್ಕೆ ಕರಿಮೆಣಸಿನ ಬಳ್ಳಿ. ಹಟ್ಟಿಯಲ್ಲಿ ಎರಡು ಜೆರ್ಸಿ ದನ. ಗುಡ್ಡದಲ್ಲೊಂದು ನೀರಿನ ಸುರಂಗ, ತೋಟದ ಬದಿಯಲ್ಲೊಂದು ಕೊಳವೆಬಾವಿ.

ಅಕ್ಟೋಬರಿನ ಅಂಗಳ

ಮೊದಲ ಕೊಯ್ಲಿನಿಂದಲೇ ಆರಂಭಿಸೋಣ. ಹೆಚ್ಚು ನಷ್ಟ ಆಗುವುದೂ ಅಲ್ಲಿಯೇ, ಅದನ್ನು ನಷ್ಟ ಎಂದು ಬರೆದಿಡದೇ ಹೋಗುವುದೂ ಅಲ್ಲಿಯೇ.

ಚಾಲಿ (ಬಿಸಿಲಿನಲ್ಲಿ ಒಣಗಿಸಿ ಸುಲಿದ ಅಡಿಕೆ) ಮಾಡುವ ಮನೆಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆ ಸಮೇತ 35ರಿಂದ 45 ದಿನ ಬಿಸಿಲಿಗೆ ಹಾಕಬೇಕು. ಒಂದೇ ಪದರ ಹರಡಬೇಕು, ವಾರಕ್ಕೊಮ್ಮೆಯಾದರೂ ಮಗುಚಬೇಕು. 800 ಮರದ ಒಂದು ಕೊಯ್ಲಿನಲ್ಲಿ ಸುಮಾರು 60,000 ಅಡಿಕೆ ಬಂದರೆ ಹಸಿ ತೂಕ ಎರಡು ಟನ್ನಿನ ಆಸುಪಾಸು. ಚದರ ಮೀಟರಿಗೆ 400 ಅಡಿಕೆ ಹಿಡಿದರೂ 150 ಚದರ ಮೀಟರ್ ಜಾಗ ಬೇಕು. ಮನೆಯ ಎದುರಿನ ಅಂಗಳ ಅಷ್ಟೂ ತುಂಬಿತು.

ಮೊದಲ ಕೊಯ್ಲು ಅಕ್ಟೋಬರ್, ನವೆಂಬರಿನಲ್ಲಿ. ಹಿಂಗಾರಿನ ಗುಡುಗು ಮಳೆಯ ಕಾಲವೂ ಅದೇ. ಬೆಳಿಗ್ಗೆ ಕಾದ ಬಿಸಿಲು, ಮೂರು ಗಂಟೆಗೆ ಗುಡ್ಡದ ಹಿಂದೆ ಮೋಡ. ಮೋಡ ಕಂಡು ಮಳೆ ಬೀಳುವುದರೊಳಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಎರಡು ಟನ್ ಅಡಿಕೆಯನ್ನು ಹಲಗೆಯಿಂದ ಎಳೆದು ರಾಶಿ ಮಾಡಿ, ಟರ್ಪಾಲು ಹಾಸಿ, ಅಂಚಿಗೆ ಕಲ್ಲಿಡಲು ಒಬ್ಬರಿಗೆ ಮುಕ್ಕಾಲು ಗಂಟೆ ಬೇಕು. ಆ ಹೊತ್ತಿಗೆ ಯಜಮಾನರು ಪೇಟೆಯಲ್ಲೋ ಸೊಸೈಟಿಯಲ್ಲೋ ಇರುತ್ತಾರೆ. ಮಗಳು ಕಾಲೇಜಿನಲ್ಲಿ. ಅತ್ತೆಯ ಮಂಡಿ ಬಗ್ಗುವುದಿಲ್ಲ. ಹಾಗಾಗಿ ಅರ್ಧ ಅಂಗಳ ನೆನೆಯುವುದು ಮೊದಲೇ ನಿಶ್ಚಯ.

ನೆನೆದ ಮೇಲಿನ ಕೆಲಸ ಇನ್ನೂ ಉದ್ದ. ಸಗಣಿ ಸಾರಿಸಿದ ಮಣ್ಣಿನ ಅಂಗಳ ಒಂದು ಮಳೆ ಕುಡಿದರೆ ಎರಡು ದಿನ ತೇವ ಬಿಡುವುದಿಲ್ಲ. ರಾಶಿಯನ್ನು ಟರ್ಪಾಲಿನಡಿ ರಾತ್ರಿಯಿಡೀ ಬಿಟ್ಟರೆ ಒಳಗೆ ಬೆವರು ಬಿಟ್ಟು ಬಿಸಿಯಾಗುತ್ತದೆ. ಮರುದಿನ ಕೈ ಹಾಕಿದರೆ ತಿಳಿಯುತ್ತದೆ: ಮೇಲಿನ ಅಡಿಕೆ ತಣ್ಣಗೆ, ಮೊಣಕೈ ಆಳದಲ್ಲಿ ಉಗುರು ಬೆಚ್ಚಗೆ, ಹುಳಿ ವಾಸನೆ. ಸಿಪ್ಪೆಗೂ ಒಳಗಿನ ಅಡಿಕೆಗೂ ನಡುವೆ ಬಿಳಿ ಬೂಷ್ಟು ಹಿಡಿಯುವುದು ಈ ಹಂತದಲ್ಲಿ. ಹೊರಗಿನಿಂದ ಏನೂ ಕಾಣದು. ಜನವರಿಯಲ್ಲಿ ಸುಲಿದು ಅಡಕತ್ತರಿಯಲ್ಲಿ ಕತ್ತರಿಸಿದಾಗ ಒಳಗಿನ ಬಿಳಿ ಗೆರೆಗಳು ಮಂಕಾಗಿ, ತಳದಲ್ಲಿ ಕಂದು ಕಲೆ ಮೂಡಿರುತ್ತದೆ. ಅಂಗಡಿಯವರು ಅದನ್ನು ಹೊಸ ಅಡಿಕೆಯ ಸಾಲಿನಿಂದ ತೆಗೆದು ಪಟೋರ, ಕರಿಗೋಟು ಎಂಬ ಕೆಳದರ್ಜೆಗೆ ಹಾಕುತ್ತಾರೆ.

60,000 ಅಡಿಕೆಯಿಂದ ಸುಮಾರು 4 ಕ್ವಿಂಟಾಲ್ ಚಾಲಿ ಸಿಗುತ್ತದೆ. ಅದರಲ್ಲಿ ಕಾಲು ಭಾಗ, ಅಂದರೆ 100 ಕಿಲೋ, ದರ್ಜೆ ಇಳಿದು ಕಿಲೋಗೆ 100 ರೂಪಾಯಿ ಕಡಿಮೆಗೆ ಹೋಯಿತು ಎಂದಿಟ್ಟುಕೊಳ್ಳಿ. ಒಂದೇ ಕೊಯ್ಲಿನಲ್ಲಿ 10,000 ರೂಪಾಯಿ ಹೋಯಿತು. ಈ ಮೊತ್ತ ಮನೆಯ ಯಾವ ಪುಸ್ತಕದಲ್ಲೂ ಇಲ್ಲ. ಯಜಮಾನರ ಲೆಕ್ಕದಲ್ಲಿ ಅದು 'ಈ ಸಲ ರೇಟು ಸರಿ ಸಿಗಲಿಲ್ಲ' ಎಂದಾಗುತ್ತದೆ. ಅತ್ತೆಯ ಬಾಯಲ್ಲಿ 'ಒಣಗಿಸಲು ಜಾಗ್ರತೆ ಸಾಲದು' ಎಂದಾಗುತ್ತದೆ. ಎರಡನೆಯದು ಕೇಳಿಸಿಕೊಳ್ಳುವವಳಿಗೆ ತುಂಬ ನೋಯುತ್ತದೆ, ಏಕೆಂದರೆ ಆಕೆ ಆ ತಿಂಗಳು ದಿನಕ್ಕೆ ಎರಡು ಸಲ ಎರಡು ಟನ್ ಎಳೆದಿರುತ್ತಾಳೆ.

ಮಳೆಯ ಮುನ್ಸೂಚನೆ ಇದ್ದರೂ ಅಂಗಳಕ್ಕೆ ಅದರ ಉಪಯೋಗ ಕಡಿಮೆ. ಹಳದಿ ಎಚ್ಚರಿಕೆ ಎಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಮೇಲೆ, ಕಿತ್ತಳೆ 115.6ರಿಂದ, ಕೆಂಪು 204.4ರ ಮೇಲೆ. ಹೊಳೆ ಉಕ್ಕುವುದನ್ನು, ಗುಡ್ಡ ಜರಿಯುವುದನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ ಅದು. ಅಂಗಳದ ಅಡಿಕೆ ಕೆಡಲು 5 ಮಿಲಿಮೀಟರ್ ಸಾಕು. ಬಂದ ಸಂದೇಶವೂ ಹೆಚ್ಚಾಗಿ ಮಲಯಾಳದಲ್ಲಿ, ಯಜಮಾನರ ಮೊಬೈಲಿಗೆ. ಕನ್ನಡ ಮಾಧ್ಯಮದಲ್ಲಿ ಓದಿದ ಮನೆಯಾಕೆಗೆ ಅದು ಸಂಜೆ ಗಂಡ ಮನೆಗೆ ಬಂದ ಮೇಲೆ ತಿಳಿಯುತ್ತದೆ. ಅವಳಿಗೆ ನಿಜವಾಗಿ ನೆರವಾಗುವುದು ಮೇಲಿನ ಮನೆಯವಳು ಕೂಗಿ ಹೇಳುವ 'ಅಕ್ಕಾ, ಮೋಡ ಬಂತು' ಎಂಬ ಮಾತು.

ಮದ್ದಿನ ದಿನಗಳು

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಕ್ರಮ ಹಳೆಯದು: ಮುಂಗಾರು ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದು. ಈ ಕ್ರಮ ನಿಂತಿರುವುದು ಮಳೆ ಜೂನ್ 1ರ ಹೊತ್ತಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ. ಕೇರಳಕ್ಕೆ ಮುಂಗಾರು 2023ರಲ್ಲಿ ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಮೂರು ವರ್ಷದಲ್ಲಿ ಎರಡು ವಾರದ ವ್ಯತ್ಯಾಸ. ಮರ ಹತ್ತುವವರು ಊರಿಗೆ ನಾಲ್ಕೈದು ಮಂದಿ. ಎಲ್ಲ ತೋಟದವರೂ ಒಂದೇ ವಾರದಲ್ಲಿ ಕರೆದರೆ ಸಣ್ಣ ತೋಟದವರ ಸರದಿ ಕೊನೆಗೆ ಬರುತ್ತದೆ.

ಮದ್ದಿನ ಕೆಲಸದಲ್ಲಿ ಗಂಡಸರ ಅಪಾಯ ಕಣ್ಣಿಗೆ ಕಾಣುವಂಥದ್ದು. ಪಾಚಿ ಹಿಡಿದ ಒದ್ದೆ ಮರದಲ್ಲಿ ನಲವತ್ತು ಐವತ್ತು ಅಡಿ ಮೇಲೆ ನಿಂತು ಮದ್ದು ಬಿಡುವುದು ಸಣ್ಣ ಮಾತಲ್ಲ. ಬಿದ್ದು ಸೊಂಟ ಮುರಿದುಕೊಂಡವರ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಮಳೆ ಬೇಗ ಬಂದಷ್ಟೂ ಒದ್ದೆ ಮರ ಹತ್ತುವ ಒತ್ತಡ ಹೆಚ್ಚು. ನೆಲದಲ್ಲಿ ನಿಂತೇ ಕೆಲಸ ಮಾಡುವ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದದ್ದು ಈ ಕಾರಣಕ್ಕೇ ದೊಡ್ಡ ಉಪಕಾರ.

ಕೆಳಗಿನ ಕೆಲಸ ಹೆಂಗಸಿನದು. 1 ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕದಡಬೇಕು. ತಿರುಗಾಮುರುಗಾ ಮಾಡಿದರೆ ಗಟ್ಟಿಯಾಗಿ ಒಡೆಯುತ್ತದೆ, ನಳಿಗೆ ಕಟ್ಟುತ್ತದೆ. ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಲ್ಲವಾದರೆ ಎಳೆಕಾಯಿ ಸುಡುತ್ತದೆ. ಕಲಸಿದ ದಿನವೇ ಮುಗಿಸಬೇಕು. 800 ಮರಕ್ಕೆ 200 ಲೀಟರಿನ ನಾಲ್ಕೈದು ಬ್ಯಾರೆಲ್, ಅಂದರೆ ಒಂದು ಸಲಕ್ಕೆ 8ರಿಂದ 10 ಕಿಲೋ ಮೈಲುತುತ್ತು, ಅಷ್ಟೇ ಸುಣ್ಣ. ಬರಿಗೈಯಲ್ಲಿ ಸುಣ್ಣ ಕಲಸಿದ ಕೈ ಬಿರಿಯುತ್ತದೆ, ಹಾರಿದ ಹನಿ ಕಣ್ಣಿಗೆ ಉರಿ. ಮೇಲೆ ಹತ್ತುವವರಿಗೆ ಟೊಪ್ಪಿ, ಕೈಗವಸು ಕೊಡುವ ಮನೆಯಲ್ಲೂ ಬ್ಯಾರೆಲಿನ ಹತ್ತಿರ ನಿಂತವಳಿಗೆ ಒಂದು ಜೊತೆ ರಬ್ಬರ್ ಕೈಗವಸು ಇರುವುದಿಲ್ಲ. ಸಂಜೆ ಮದ್ದಿನ ಬಟ್ಟೆ ಒಗೆಯುವುದೂ ಅವಳೇ. ಅದನ್ನು ಬೇರೆಯಾಗಿ ನೆನೆಸಬೇಕು, ಆ ನೀರನ್ನು ತೋಡಿಗೆ ಬಿಡಬಾರದು. ತಾಮ್ರದ ನೀರು ಮೀನಿಗೆ ವಿಷ.

ಮದ್ದು ಒಂದು ವಾರ ತಡವಾದರೆ ಜುಲೈಯಲ್ಲಿ ಹಸಿ ಕಾಯಿ ಉದುರಲು ತೊಡಗುತ್ತದೆ. ಉದುರಿದ್ದನ್ನು ಹಾಗೇ ಬಿಟ್ಟರೆ ರೋಗ ಹಬ್ಬುತ್ತದೆ, ಆದ್ದರಿಂದ ದಿನವೂ ಹೆಕ್ಕಿ ತೋಟದ ಹೊರಗೆ ಹಾಕಬೇಕು. ಸುರಿಯುವ ಮಳೆಯಲ್ಲಿ ಬಗ್ಗಿ ಬಗ್ಗಿ ಹೆಕ್ಕುವ ಈ ಕೆಲಸಕ್ಕೆ ಆಳು ಕರೆಯುವ ಪದ್ಧತಿ ಸಣ್ಣ ಮನೆಗಳಲ್ಲಿ ಇಲ್ಲ, 'ಮನೆಯವರೇ ಹೆಕ್ಕುತ್ತಾರೆ'. ಮೇ ತಿಂಗಳಲ್ಲಿ ಮದ್ದಿನ ಕೂಲಿಗೆ ಕೈಯಲ್ಲಿ ದುಡ್ಡಿಲ್ಲದೆ ಮಾಡಿದ ತಡವನ್ನು ಜುಲೈ, ಆಗಸ್ಟಿನಲ್ಲಿ ಹೆಂಡತಿಯ ಬೆನ್ನು ತೀರಿಸುತ್ತದೆ.

ಎರಡೂವರೆ ಮರದ ನೀರು

ಬೇಸಿಗೆಯ ಲೆಕ್ಕ ನೋಡೋಣ. ಜೆಟ್ ಅಥವಾ ಕಣಿಯಲ್ಲಿ (ಸಣ್ಣ ಕಾಲುವೆ) ನೀರು ಬಿಡುವ ತೋಟಕ್ಕೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್ ಶಿಫಾರಸು. ನವೆಂಬರ್, ಡಿಸೆಂಬರಿನಲ್ಲಿ 7ರಿಂದ 8 ದಿನಕ್ಕೊಮ್ಮೆ, ಮಾರ್ಚಿನಿಂದ ಮೇ ತನಕ 3ರಿಂದ 5 ದಿನಕ್ಕೊಮ್ಮೆ. 800 ಮರಕ್ಕೆ ಒಂದು ಸುತ್ತು ಎಂದರೆ 1,40,000 ಲೀಟರ್. ಗಂಟೆಗೆ 6,000 ಲೀಟರ್ ಎತ್ತುವ ಪಂಪಿಗೆ ಇದು 23 ಗಂಟೆಯ ಕೆಲಸ.

ಈಗ ಮನೆ. ನಾಲ್ಕು ಜನಕ್ಕೆ ತಲೆಗೆ 55 ಲೀಟರಿನಂತೆ 220. ಎರಡು ಜೆರ್ಸಿ ದನಕ್ಕೆ ಕುಡಿಯಲು, ಮೀಯಿಸಲು, ಹಟ್ಟಿ ತೊಳೆಯಲು ಸೇರಿ 200. ಒಟ್ಟು 420 ಲೀಟರ್. ತೋಟದ ಎರಡೂವರೆ ಮರಕ್ಕೆ ಒಂದು ಸಲ ಬಿಡುವ ನೀರಿನಲ್ಲಿ ಇಡೀ ಮನೆ ಮತ್ತು ಹಟ್ಟಿಯ ಒಂದು ದಿನ ಕಳೆಯುತ್ತದೆ.

ಹಿಂದೆ ಈ 420 ಲೀಟರನ್ನು ಸುರಂಗ ಕೊಡುತ್ತಿತ್ತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಆಳು ಬಗ್ಗಿ ಹೋಗುವಷ್ಟು ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಕರೆಂಟು ಬೇಡ, ಹಗ್ಗ ಬೇಡ. ಹೊಸ ಕೊಳವೆಬಾವಿಗಳು ಸುತ್ತಲೂ ಬಂದಂತೆ, ಮಳೆ ಕೆಲವೇ ದಿನಗಳಲ್ಲಿ ಭಾರಿಯಾಗಿ ಸುರಿದು ಇಂಗದೆ ಓಡಿದಂತೆ, ಸುರಂಗದ ಧಾರೆ ಏಪ್ರಿಲ್ ತನಕ ಬರುತ್ತಿದ್ದದ್ದು ಫೆಬ್ರವರಿಗೇ ನೂಲಾಗುತ್ತದೆ. 2023ರ ಆಗಸ್ಟು ದೇಶದಲ್ಲಿ 1901ರಿಂದ ದಾಖಲಾದ ಆಗಸ್ಟುಗಳಲ್ಲೇ ಅತಿ ಒಣ. ಅಂಥ ವರ್ಷದ ಮರುಬೇಸಿಗೆಯಲ್ಲಿ ಸುರಂಗವನ್ನು ನೆಚ್ಚಿ ಕೂರುವಂತಿಲ್ಲ.

ಸುರಂಗ ಬತ್ತಿದಾಗ ಯಜಮಾನರು ಮಾಡಿದ್ದು ಎರಡನೆಯ ಕೊಳವೆಬಾವಿ. ತೋಟ ಒಣಗುತ್ತದೆ ಎಂಬ ಭಯ ಸುಳ್ಳಲ್ಲ: ಏಪ್ರಿಲ್ ಸೆಕೆಗೆ ನಳ್ಳಿ (ಎಳೆಕಾಯಿ) ಉದುರಿದರೆ ಮುಂದಿನ ವರ್ಷದ ಫಸಲೇ ಹೋಯಿತು. ದುಡ್ಡಿಗೆ ಹೆಂಡತಿಯ ಸರ, ಬಳೆ ಅಡವು ಹೋದವು. ಚಿನ್ನದ ಸಾಲ ಅರ್ಧ ದಿನದಲ್ಲಿ ಸಿಗುತ್ತದೆ, ಜಾಗದ ಸಾಲಕ್ಕೆ ವಾರಗಟ್ಟಲೆ ಓಡಾಡಬೇಕು. ಬಾವಿ ತೋಡಿಸುವ ಜಾಗ, ಆಳ, ಪಂಪು ಯಾವುದರ ಮಾತಿನಲ್ಲೂ ಚಿನ್ನದ ಒಡತಿ ಇರಲಿಲ್ಲ. ಬಾವಿಯಲ್ಲಿ ಮೊದಲ ಬೇಸಿಗೆ ನೀರು ಬಂತು, ಎರಡನೆಯ ಬೇಸಿಗೆ ಎಳೆದು ಎಳೆದು ಗಾಳಿ ಬಂತು. ಒಂದೇ ಬಂಡೆಯ ಬಿರುಕಿನಿಂದ ಎರಡು ಬಾವಿ ಕುಡಿದರೆ ಹೀಗೇ ಆಗುತ್ತದೆ.

ಇದಕ್ಕಿಂತ ದುಃಖದ್ದು ಪೈಪಿನ ಜೋಡಣೆ. ಪಂಪಿನಿಂದ ಬಂದ ಪೈಪು ಮೊದಲು ತೋಟದ ವಾಲ್ವಿಗೆ, ಆಮೇಲೆ ಮನೆಯ ಟ್ಯಾಂಕಿಗೆ. ತೋಟ ಕೆಳಗೆ, ಟ್ಯಾಂಕಿ ಮಾಡಿನ ಎತ್ತರದಲ್ಲಿ. ತೋಟದ ವಾಲ್ವು ತೆರೆದಿರುವಷ್ಟು ಹೊತ್ತೂ ನೀರು ತಗ್ಗಿಗೇ ಹೋಗುತ್ತದೆ, ಟ್ಯಾಂಕಿಗೆ ಹನಿ ಏರುವುದಿಲ್ಲ. ವಾಲ್ವು ತೋಟದ ಮೂಲೆಯಲ್ಲಿದೆ, ಅದನ್ನು ತಿರುಗಿಸುವುದು 'ಅವರ ಕೆಲಸ'. ಒಂದು ಸುತ್ತು ಮುಗಿಯುವ ತನಕ ಮನೆಯಾಕೆ ನೆರೆಮನೆಯ ಬಾವಿಯಿಂದ ಹೊರುತ್ತಾಳೆ. 15 ಲೀಟರಿನ ಕೊಡದಲ್ಲಿ 420 ಲೀಟರ್ ಎಂದರೆ 28 ಸಲ. ಬಾವಿ 150 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 8 ಕಿಲೋಮೀಟರಿಗೂ ಮೇಲೆ, ಅದರಲ್ಲಿ ಅರ್ಧ ಹೊರೆ ಹೊತ್ತು, ಏರಿನಲ್ಲಿ. ಪಂಪಿನ ಕಡೆಯಿಂದ ನೋಡಿದರೆ 1,000 ಲೀಟರಿನ ಟ್ಯಾಂಕಿ ತುಂಬಲು ಬೇಕಾದದ್ದು 10 ನಿಮಿಷ ಮಾತ್ರ.

ಸರಿಪಡಿಸುವ ವಿಧಾನ ಸರಳ. ಪಂಪಿನ ಪೈಪಿಗೆ ತೋಟದ ವಾಲ್ವಿಗಿಂತ ಮೊದಲೇ ಒಂದು ಟೀ ಹಾಕಿ ಮನೆಗೆ ಪ್ರತ್ಯೇಕ ಸಾಲು ಎಳೆಯಬೇಕು. ಟ್ಯಾಂಕಿಗೆ ಫ್ಲೋಟ್ ವಾಲ್ವು. ತೋಟದ ಕಡೆಗೆ ಇನ್ನೊಂದು ಗೇಟ್ ವಾಲ್ವನ್ನು ಅಡುಗೆಮನೆಯ ಹಿಂಬದಿಯಲ್ಲಿ, ಅವಳ ಕೈಗೆ ಸಿಗುವಲ್ಲಿ ಕೂರಿಸಬೇಕು. ಪಂಪು ಹಾಕಿದ ಮೊದಲ 10 ನಿಮಿಷ ಈ ವಾಲ್ವು ಮುಚ್ಚಿರಲಿ. ಟ್ಯಾಂಕಿ ತುಂಬಿದ ಮೇಲೆ ತೆರೆದರೆ ಸಾಕು. ಟ್ಯಾಂಕಿ ತುಂಬಿಯೂ ವಾಲ್ವು ಮುಚ್ಚಿಯೇ ಉಳಿದರೆ ಪಂಪಿಗೆ ಒತ್ತಡ ಬೀಳುತ್ತದೆ, ಪೈಪಿನ ಸಂದು ಬಿಡುತ್ತದೆ. ಆದ್ದರಿಂದ ಆ 10 ನಿಮಿಷ ಯಾರಾದರೂ ಹತ್ತಿರವೇ ಇರಬೇಕು.

ತೋಟಕ್ಕೆ ಹನಿ ನೀರಾವರಿ ಮಾಡಿದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 16ರ ಲೆಕ್ಕದಲ್ಲಿ 800 ಮರಕ್ಕೆ ದಿನಕ್ಕೆ 12,800 ಲೀಟರ್, ಅದೇ ಪಂಪಿಗೆ ಎರಡು ಗಂಟೆ ಚಿಲ್ಲರೆ. ಎರಡನೆಯ ಬಾವಿಯ ದುಡ್ಡು ಇಲ್ಲಿಗೆ ಬರಬೇಕಿತ್ತು. ಆದರೆ ಡ್ರಿಪ್ಪು ಹಾಕಿದ ಮನೆಗಳು ಎರಡು ವರ್ಷದಲ್ಲಿ ಕಿತ್ತು ಎಸೆಯುವುದೂ ಇದೆ. ಮುರಕಲ್ಲಿನ ನೀರಿನಲ್ಲಿ ಕಬ್ಬಿಣ ಹೆಚ್ಚು. ಗಾಳಿ ಸೋಕಿದ ಕೂಡಲೇ ತುಕ್ಕಿನ ಲೋಳೆಯಾಗಿ ಹನಿಯ ಬಾಯಿ ಕಟ್ಟುತ್ತದೆ. ಫಿಲ್ಟರನ್ನು ಮೂರು ದಿನಕ್ಕೊಮ್ಮೆ ತೊಳೆಯಬೇಕು, 15 ದಿನಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ಕೆಂಪು ನೀರು ಹೋಗಿ ತಿಳಿ ಬರುವ ತನಕ ಬಿಡಬೇಕು. ಈ ತೊಳೆಯುವ ಕೆಲಸ ಯಾರದೆಂದು ಡ್ರಿಪ್ಪು ಹಾಕುವ ದಿನವೇ ಮಾತಾಗಬೇಕು. ಆಗದಿದ್ದರೆ ಅದೂ ಸದ್ದಿಲ್ಲದೆ ಹೆಂಗಸಿನ ದಿನಚರಿಗೆ ಸೇರುತ್ತದೆ, ಅಲ್ಲಿ ಜಾಗ ಇಲ್ಲದ್ದರಿಂದ ಆಗದೆ ಹೋಗುತ್ತದೆ, 'ಡ್ರಿಪ್ಪು ನಮ್ಮ ಮಣ್ಣಿಗೆ ಆಗುವುದಿಲ್ಲ' ಎಂಬ ತೀರ್ಮಾನ ಬರುತ್ತದೆ.

ಊರಿನ ಮಟ್ಟದಲ್ಲಿ ಇದಕ್ಕೆ ಉತ್ತರ ಇಲ್ಲಿನದೇ ಕಟ್ಟಗಳು. ಏತಡ್ಕದಂಥ ಕಡೆ ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟಿ ಆಸುಪಾಸಿನ ಬಾವಿಗಳ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳುತ್ತಾರೆ. ಕಟ್ಟ ಕಟ್ಟುವ ಸಭೆಯಲ್ಲಿ ತೋಟದ ಯಜಮಾನರಷ್ಟೇ ಕೂರುವುದು ವಾಡಿಕೆ. ಯಾವ ಮನೆಯ ಬಾವಿ ಯಾವ ತಿಂಗಳು ಎಷ್ಟು ಮೆಟ್ಟಿಲು ಇಳಿಯುತ್ತದೆ ಎಂಬುದನ್ನು ಖಚಿತವಾಗಿ ಬಲ್ಲವರು ಹಗ್ಗ ಎಳೆಯುವವರು. ಅವರನ್ನು ಕೇಳಿ ಕಟ್ಟದ ಜಾಗ ಆರಿಸಿದರೆ ಮನೆಬಾವಿಗಳಿಗೂ ನೀರು ನಿಲ್ಲುತ್ತದೆ.

ಹಟ್ಟಿ

ನೀರು, ಹುಲ್ಲು ಎರಡೂ ಕಡಿಮೆಯಾದಾಗ ಮನೆ ಮೊದಲು ಮಾರುವುದು ದನವನ್ನು. ಸೆಕೆ ಮತ್ತು ತೇವ ಎರಡೂ ಏರಿದಾಗ ಜೆರ್ಸಿ ದನ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆ ತಪ್ಪುತ್ತದೆ. ಯಜಮಾನರ ಲೆಕ್ಕದಲ್ಲಿ ಅದು ನಷ್ಟದ ಬಾಬ್ತು. ಆದರೆ ಸೊಸೈಟಿಯ ಹಾಲಿನ ದುಡ್ಡೊಂದೇ ಮನೆಯಾಕೆ ಕೇಳದೆ ಖರ್ಚು ಮಾಡಬಹುದಾದದ್ದು. ಅತ್ತೆಯ ಮಾತ್ರೆ, ಮಗಳ ಬಸ್ಸಿನ ದುಡ್ಡು, ಅಯಲ್ಕೂಟದ (ನೆರೆಹೊರೆಯ ಹೆಂಗಸರ ಗುಂಪಿನ) ವಾರದ ಉಳಿತಾಯ ಅದರಿಂದಲೇ. ದನ ಹೋದ ವಾರವೇ ಆಕೆಯ ಕೈ ಬರಿದಾಗುತ್ತದೆ.

ತೋಟಕ್ಕೂ ಅದು ಪೆಟ್ಟು. ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಟ್ಟಿಗೊಬ್ಬರ, 12 ಕಿಲೋ ಹಸಿರು ಸೊಪ್ಪು ಶಿಫಾರಸು. 800 ಮರಕ್ಕೆ 9,600 ಕಿಲೋ ಗೊಬ್ಬರ. ಹಟ್ಟಿ ಖಾಲಿಯಾದರೆ ಅಷ್ಟನ್ನೂ ಲಾರಿಯಲ್ಲಿ ತರಿಸಬೇಕು. ಎರಡೂ ಮಾರುವ ಬದಲು ಒಂದು ಜೆರ್ಸಿಯನ್ನು ಇಟ್ಟುಕೊಂಡು ಇನ್ನೊಂದರ ಬದಲಿಗೆ ಎರಡು ಕಾಸರಗೋಡು ಗಿಡ್ಡವನ್ನು (ಇಲ್ಲಿನ ಕುಳ್ಳ ನಾಟಿ ದನ) ಕಟ್ಟುವುದು ಈ ಮನೆಗೆ ಹೊಂದುವ ದಾರಿ. ಗಿಡ್ಡದ ಹಾಲು ದಿನಕ್ಕೆ ಒಂದೆರಡು ಲೀಟರ್, ಸೊಸೈಟಿಗೆ ಹಾಕುವಷ್ಟಿಲ್ಲ, ಮನೆಗೆ ಸಾಕು. ಅದು ಗುಡ್ಡದಲ್ಲಿ ಮೇಯ್ದು ಬರುತ್ತದೆ, ಸೆಕೆ ತಾಳುತ್ತದೆ, ನೀರು ಕಡಿಮೆ ಕುಡಿಯುತ್ತದೆ. ಬೇಲಿ ಇಲ್ಲದ ಕಡೆ ನೆರೆಯವರ ಬಸಳೆ ಚಪ್ಪರಕ್ಕೆ ನುಗ್ಗುವುದೊಂದು ತೊಂದರೆ.

ಕಾಗದದಲ್ಲಿ ಇಲ್ಲದವರು

ಗಾಳಿಗೆ ಮರ ಬಿದ್ದರೆ ಪರಿಹಾರಕ್ಕೆ ಊರಿನ ಕೃಷಿ ಕಚೇರಿಯಾದ ಕೃಷಿಭವನಕ್ಕೆ ಅರ್ಜಿ ಕೊಡಬಹುದು. ಅರ್ಜಿಗೆ ತೀರ್ವೆ (ಭೂತೆರಿಗೆ) ರಶೀದಿ ಬೇಕು, ರಶೀದಿಯಲ್ಲಿ ಯಜಮಾನರ ಹೆಸರು, ಬರುವ ದುಡ್ಡು ಅವರ ಖಾತೆಗೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಹವಾಮಾನ ಕೇಂದ್ರದ ಅಳತೆಯಿಂದ. ಅಂಗಳದಲ್ಲಿ ಬೂಷ್ಟು ಹಿಡಿದ ಅಡಿಕೆಯನ್ನು ಯಾರೂ ಬಂದು ತೂಗುವುದಿಲ್ಲ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಗೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ. ಬರುವುದು ಜಾಗ ಇದ್ದವರ ಹೆಸರಿಗೆ. 2015-16ರ ಕೃಷಿ ಗಣತಿಯಂತೆ ದೇಶದಲ್ಲಿ ಹಿಡುವಳಿದಾರರಾಗಿ ದಾಖಲಾದ ಹೆಂಗಸರು ನೂರಕ್ಕೆ ಸುಮಾರು 14.

ಗುಂಪಾಗಿ ಗದ್ದೆ ಮಾಡುವ ಹೆಂಗಸರಿಗೂ ಇದೇ ಕಷ್ಟ. 1998ರಲ್ಲಿ ಆರಂಭವಾದ, ಕೇರಳ ಸರಕಾರದ ಹೆಂಗಸರ ಯೋಜನೆ ಕುಟುಂಬಶ್ರೀಯಡಿ ನಾಲ್ಕರಿಂದ ಹತ್ತು ಮಂದಿಯ ಗುಂಪುಗಳು ಪಾಳು ಬಿದ್ದ ಗದ್ದೆಯನ್ನು ಗೇಣಿಗೆ ಹಿಡಿದು ಭತ್ತ, ತರಕಾರಿ ಬೆಳೆಯುತ್ತವೆ. ಕೇರಳದಲ್ಲಿ 1970ರ ಭೂಸುಧಾರಣೆಯ ನಂತರ ಹೊಸ ಗೇಣಿಗೆ ಕಾನೂನಿನ ಬಲವಿಲ್ಲ, ಆದ್ದರಿಂದ ಒಪ್ಪಂದ ಬಾಯಿಮಾತಿನದು. ನೆರೆಗೆ ಪೈರು ಹೋದಾಗ ಜಾಗದವರು ಒಪ್ಪಿಗೆ ಕಾಗದ ಬರೆದುಕೊಡದಿದ್ದರೆ ಬೆಳೆದವಳ ಕೈಗೆ ಏನೂ ಬರುವುದಿಲ್ಲ. ನಾಟಿಗೆ ಮೊದಲೇ, ಎಲ್ಲರ ಮನಸ್ಸು ಸರಿಯಿರುವಾಗಲೇ, ಸರ್ವೆ ನಂಬ್ರ, ಸೆಂಟ್ಸ್, ಬೆಳೆ, ಅವಧಿ ನಮೂದಿಸಿದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಒಂದು ಪ್ರತಿಯನ್ನು ಕೃಷಿಭವನಕ್ಕೆ ಕೊಡುವುದು ಒಳ್ಳೆಯದು.

ನಮ್ಮ ಮನೆಗೆ ಬಂದರೆ, 150 ಸೆಂಟ್ಸಿನಲ್ಲಿ ಅಂಗಳ, ಹಟ್ಟಿ, ತರಕಾರಿ ಜಾಗ ಸೇರಿ 20 ಸೆಂಟ್ಸನ್ನು ಹೆಂಡತಿಯ ಹೆಸರಿಗೆ ದಾಖಲು ಮಾಡಿಸಿ ಬೇರೆ ತೀರ್ವೆ ರಶೀದಿ ಪಡೆದರೆ ಅವಳು ಕೃಷಿಕಳಾಗಿ ತಾನೇ ಅರ್ಜಿ ಹಾಕಬಹುದು. ಯಜಮಾನಿಕೆ ಹೋಯಿತು ಎಂಬ ಅಳುಕು ಗಂಡಸರಲ್ಲಿ ಇರುವುದು ಸಹಜ. ಸಾಲ, ಬತ್ತಿದ ಬಾವಿ, ಬೀಳುವ ರೇಟು ಎಲ್ಲಕ್ಕೂ ಊರು ತನ್ನನ್ನೇ ಕೇಳುತ್ತದೆ ಎಂಬ ಒತ್ತಡ ಅವರ ಮೇಲೆ ಇದೆ, ಅದನ್ನು ಅವರು ಯಾರಲ್ಲೂ ಹೇಳಿಕೊಳ್ಳುವುದಿಲ್ಲ. ಹೆಸರು ಎರಡಾದರೆ ಆ ಹೊರೆಯೂ ಎರಡು ಹೆಗಲಿಗೆ ಬರುತ್ತದೆ.

ಮುಂದಿನ ವರ್ಷದ ಕೆಲಸ, ಕ್ರಮವಾಗಿ

ಏಪ್ರಿಲಿನಲ್ಲಿ ಪೈಪಿನ ಟೀ ಮತ್ತು ಹಿಂಬದಿಯ ವಾಲ್ವು. ಖರ್ಚು ಕಡಿಮೆ, ಫಲ ಅದೇ ದಿನ.

ಮೇ ಮೊದಲ ವಾರದಲ್ಲಿ ಮೈಲುತುತ್ತು, ಸುಣ್ಣ, ಎರಡು ಜೊತೆ ರಬ್ಬರ್ ಕೈಗವಸು, ಕನ್ನಡಕ ಮನೆಗೆ ಬಂದಿರಬೇಕು. ಸುಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಪುಡಿಯಾಗಿ ಬಲ ಕಳೆದುಕೊಳ್ಳುತ್ತದೆ. ಮದ್ದಿನ ಕೂಲಿಗೆ ಅಯಲ್ಕೂಟದ ಒಳಸಾಲ ತೆಗೆಯುವುದಾದರೆ ಏಪ್ರಿಲಿನ ಸಭೆಯಲ್ಲೇ ಕೇಳಬೇಕು, ಮೇ ತಿಂಗಳಲ್ಲಿ ಎಲ್ಲರೂ ಕೇಳುತ್ತಾರೆ. ಆ ಸಾಲವನ್ನು ತೀರಿಸಲು ಮೊದಲ ಚಾಲಿ ಮಾರಿದ ದುಡ್ಡಿನಿಂದಲೇ ಯಜಮಾನರು ಕೊಡುವುದೆಂದು ಮೊದಲೇ ನಿಗದಿಯಾಗಲಿ. ಇಲ್ಲವಾದರೆ ಹಾಲಿನ ದುಡ್ಡು ಅದಕ್ಕೂ ಹೋಗುತ್ತದೆ.

ಸೆಪ್ಟೆಂಬರಿನೊಳಗೆ ಒಣಗಿಸುವ ಗೂಡು. 40 ಅಡಿ ಉದ್ದ, 16 ಅಡಿ ಅಗಲ, 200 ಮೈಕ್ರಾನಿನ, ಬಿಸಿಲು ತಾಳುವ ಪ್ಲಾಸ್ಟಿಕ್ ಹಾಳೆ, ಜಿಐ ಪೈಪಿನ ಕಮಾನು. ಒಳಗೆ ಸುಮಾರು 60 ಚದರ ಮೀಟರ್ ಸಿಗುತ್ತದೆ, ಒಂದು ಪದರಕ್ಕೆ 24,000 ಅಡಿಕೆ. ಅಡಿಕೆ ಮರದ ಸೀಳಿನಿಂದ ಅಟ್ಟ ಕಟ್ಟಿದರೆ, ನಡೆಯುವ ದಾರಿ ಬಿಟ್ಟೂ, ಇನ್ನಷ್ಟು ಹಿಡಿಯುತ್ತದೆ. ಉಳಿದದ್ದನ್ನು ಹಸಿಯಲ್ಲೇ ಹೋಳು ಮಾಡಿ ಒಣಗಿಸಬೇಕು. ಹೋಳು ಹತ್ತು ದಿನದಲ್ಲಿ ಬಿಡಿಸುವ ಹದಕ್ಕೆ ಬರುತ್ತದೆ, ರೇಟು ಇಡಿಯದಕ್ಕಿಂತ ಕಡಿಮೆ, ಆದರೆ ಕರಿಗೋಟಾಗುವುದಕ್ಕಿಂತ ಮೇಲು. ಹೋಳಿಗೆ ಒಂದು ಹನಿ ನೀರೂ ತಾಗಬಾರದು.

ಗೂಡಿನಲ್ಲಿ ಕೆಡುವುದು ಮೂರು ಕಾರಣಕ್ಕೆ. ಎರಡು ತುದಿಯ ಮೇಲ್ಭಾಗದಲ್ಲಿ ಎರಡು ಅಡಿಯ ಬಲೆ ಹಾಕಿದ ಕಿಂಡಿ ಬಿಡದಿದ್ದರೆ ಅಡಿಕೆಯಿಂದ ಎದ್ದ ಹಬೆ ರಾತ್ರಿ ಹಾಳೆಗೆ ಹನಿಯಾಗಿ ಅಂಟಿ ಮತ್ತೆ ಅಡಿಕೆಯ ಮೇಲೇ ಬೀಳುತ್ತದೆ. ಮೇಲಿನ ಕಿಂಡಿ ಯಾವಾಗಲೂ ತೆರೆದಿರಲಿ. ಹಾಳೆಗೆ ತಾಗುವಂತೆ ಅಂಚಿನ ತನಕ ಅಡಿಕೆ ಹರಡಿದರೆ ಆ ಸಾಲು ಖಂಡಿತ ಬೂಷ್ಟು. ಒಂದು ಗೇಣು ಬಿಡಬೇಕು. ಹೊರಗಿನ ನೀರು ಒಳಗೆ ಬಾರದಂತೆ ಸುತ್ತ ಒಂದು ಅಡಿಯ ಕಣಿ ಇಲ್ಲದಿದ್ದರೆ ನೆಲದಿಂದ ತೇವ ಏರುತ್ತದೆ.

ಹೆಚ್ಚು ಕಡೆ ತಪ್ಪುವುದು ಅಟ್ಟದ ಎತ್ತರದಲ್ಲಿ. ಗೂಡನ್ನು ವೆಲ್ಡರೂ ಯಜಮಾನರೂ ನಿಂತು ಅಳೆದು ಮಾಡಿಸುತ್ತಾರೆ, ಜಾಗ ಉಳಿಯಲೆಂದು ಅಟ್ಟವನ್ನು ಐದು ಅಡಿಗೆ ಏರಿಸುತ್ತಾರೆ. ಮಗುಚುವವಳ ಕೈ ಅಟ್ಟದ ಮಧ್ಯಕ್ಕೆ ಮುಟ್ಟುವುದಿಲ್ಲ. ಮುಟ್ಟದ ಅಡಿಕೆ ಒಂದೇ ಮಗ್ಗುಲಲ್ಲಿ ಒಣಗಿ ಇನ್ನೊಂದು ಮಗ್ಗುಲಲ್ಲಿ ಕೆಡುತ್ತದೆ. ಅಟ್ಟ ಮೂರು ಅಡಿ ಎತ್ತರದಲ್ಲಿರಲಿ, ಎರಡೂ ಬದಿಯಿಂದ ಕೈ ಹಾಕುವಂತೆ ಅಗಲ ನಾಲ್ಕು ಅಡಿ ಮೀರದಿರಲಿ. ಅಳತೆ ಹಿಡಿಯುವ ದಿನ ಮನೆಯಾಕೆ ಅಲ್ಲಿ ನಿಂತು ಕೈ ಚಾಚಿ ತೋರಿಸಬೇಕು. ಮಧ್ಯಾಹ್ನ ಒಳಗಿನ ಬಿಸಿ 50 ಡಿಗ್ರಿ ಮೀರುತ್ತದೆ, ಆದ್ದರಿಂದ ಮಗುಚುವ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ಆ ಹೊತ್ತಿಗೆ ಹಾಲು ಕರೆದು ಸೊಸೈಟಿಗೆ ಕೊಂಡೊಯ್ಯುವ ಕೆಲಸವೂ ಇರುವುದರಿಂದ ಎರಡರಲ್ಲಿ ಒಂದನ್ನು ಯಜಮಾನರು ವಹಿಸಿಕೊಳ್ಳಲೇಬೇಕು.

ಚಾಲಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಆರಿಸಿ ತೂಗಿ, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿಡಲಿ: ಕೊಯ್ಲಿನ ದಿನ, ಅಡಿಕೆ ಹರಡಿದ್ದಾಗ ಮಳೆ ಬಂದ ದಿನಗಳು, ಒಳ್ಳೆಯ ಚಾಲಿ ಎಷ್ಟು ಕಿಲೋ, ಪಟೋರ ಮತ್ತು ಕರಿಗೋಟು ಎಷ್ಟು ಕಿಲೋ. ತೂಗುವಾಗ ಗಂಡ ಹೆಂಡತಿ ಇಬ್ಬರೂ ತಕ್ಕಡಿಯ ಹತ್ತಿರ ಇರಲಿ. ಗೂಡಿಗೆ ಹಾಕಿದ ದುಡ್ಡು ಎಷ್ಟು ಕೊಯ್ಲಿನಲ್ಲಿ ತಿರುಗಿ ಬರುತ್ತದೆ, ಮೂರನೆಯ ಬಾವಿ ಬೇಕೋ ಎರಡನೆಯ ಗೂಡು ಬೇಕೋ ಎಂಬ ಮಾತು ಫೆಬ್ರವರಿಯಲ್ಲಿ ಬಂದಾಗ ಆ ಹಾಳೆಯನ್ನು ತೆಗೆದು ಮುಂದಿಟ್ಟುಕೊಂಡು ಕೂರಬಹುದು.